ಕಾಳಿ ನದಿಗುಂಟ ಒಂದು ಪತಂಗದ ಬೆನ್ನು ಹತ್ತಿ

ಮೊದಲನೆಯ ದಿನ: ಹಳಿಯಾಳ

ಮೇ ಮುಗಿಯುತ್ತಿತ್ತು. ಬ್ಯಾಂಕಿನ ಕೌಂಟರಿನಲ್ಲಿದ್ದಾಗಲೇ ಮಾಮಾನ ಫೋನು. "ಲೇ, ನಿನ್ನ ದೀಪದ ಹುಳಾ ಬಂದಾವ ನೋಡು. ದಾಂಡೇಲಿ ಕಡೆ ಪ್ಲಾಂಟೇಶನ್ ಪೂರಾ ಬೋಳ ಆಗಾಕತ್ತೈತಿ. ನೋಡೋದಿದ್ರ ಈಗ ಬಾ. ಮುಂದಿನ ವಾರ ಬಂದ್ರ ಬರೇ ಕಡ್ಡಿ ನೋಡ್ಕೊಂಡು ಹೋಗ್ತಿ."

ಮಾಮಾ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರ ಪಾಲಿಗೆ ಸಾಗವಾನಿ ಹುಳ ಅಂದರೆ ಸರ್ವೀಸಿನ ಉದ್ದಕ್ಕೂ ಕಾಡಿದ ವೈರಿ. ನನಗೋ ಅದೊಂದು ಪತಂಗ, ಹೆಸರು ಹೈಬ್ಲಿಯಾ ಪ್ಯೂರಾ. ಡಚ್ ಕೀಟಪ್ರೇಮಿ ಪೀಟರ್ ಕ್ರಾಮರ್ 1777ರಲ್ಲಿ ಅದನ್ನು ಮೊದಲು ವರ್ಣಿಸಿದ. ರೆಕ್ಕೆ ಬಿಚ್ಚಿದರೆ 3–4 ಸೆಂಟಿಮೀಟರ್. ಕುಳಿತಾಗ ಒಣಗಿದ ಎಲೆಯ ಚೂರು. ಹಾರಲು ಎದ್ದಾಗ ಮಾತ್ರ ಕಪ್ಪು ಹಿಂರೆಕ್ಕೆಯ ಮೇಲಿನ ಕಿತ್ತಳೆ ಪಟ್ಟಿ ಕಂಡು ಮಾಯವಾಗುತ್ತದೆ. ಹುಬ್ಬಳ್ಳಿಯ ನಮ್ಮ ಮಹಡಿಯಲ್ಲಿ ಬಿಳಿ ಪರದೆ ಕಟ್ಟಿ, ಬಲ್ಬು ಹಚ್ಚಿ ಹುಳ ಎಣಿಸುವ ಚಟ ನನ್ನದು. ಈ ಪತಂಗವನ್ನು ಪರದೆಯ ಮೇಲೆ ಹಲವು ಸಲ ಕಂಡಿದ್ದೆ, ಅದರ ಊಟದ ಮನೆಯನ್ನು ಮಾತ್ರ ಕಂಡಿರಲಿಲ್ಲ. ನಾಲ್ಕು ದಿನ ರಜೆ ಬರೆದುಕೊಟ್ಟೆ. ಕಾರಣ ಅಂತ "ಮಾವನ ಮನೆಯಲ್ಲಿ ಕೆಲಸ" ಎಂದು ಹಾಕಿದೆ. ಸುಳ್ಳೇನಲ್ಲ.

ಧಾರವಾಡ ದಾಟಿ ಹಳಿಯಾಳ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಮನೆಯಲ್ಲಿ ಜಗಳ ನಡೆದಿತ್ತು. ಹಿತ್ತಲಿನ ಲಕ್ಕಿ ಗಿಡ ಕಡಿಯಬೇಕು ಅಂತ ಮಾಮಾ ಕುಡಗೋಲು ಹಿಡಿದಿದ್ದರು. ಅತ್ತಿ ಅಡ್ಡ ನಿಂತಿದ್ದರು.

"ಸಾಗವಾನಿ ಹುಳಕ್ಕ ಇದೂ ಮನೀನ. ಸರ್ವೀಸಿನ್ಯಾಗ ಲಕ್ಕಿ ಕಂಡಲ್ಲಿ ಕಡಸೀನಿ. ಈಗ ನನ್ನ ಹಿತ್ತಲದಾಗ ಬೆಳಸ್ಲೇನು?"

"ನಿಮ್ಮ ಸರ್ವೀಸ್ ಮುಗದೈತಿ. ಸೊಸಿ ಬಾಣಂತನಕ್ಕ ಬರ್ತಾಳ, ನೀರಿಗೆ ಲಕ್ಕಿ ತೊಪ್ಪಲ ಯಾರ್ ಕೊಡ್ತಾರ? ಜ್ವಾಳದ ಚೀಲದಾಗ ಏನ್ ಹಾಕ್ಲಿ?"

ನನ್ನನ್ನು ಕಂಡು ಇಬ್ಬರೂ ನ್ಯಾಯಕ್ಕೆ ಕರೆದರು. ಜಾಣತನದಿಂದ ನಾನು ಗಿಡದ ಕಡೆ ತಿರುಗಿದೆ. ಮಾಮಾ ಹೇಳಿದ್ದು ಸರಿಯೇ. ಈ ಪತಂಗ ಸಾಗವಾನಿಯನ್ನೇ ನಂಬಿ ಕೂತಿಲ್ಲ. ಅದರ ಹುಳ ತಿನ್ನುವ ಗಿಡಮರಗಳ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಹೆಸರುಗಳಿವೆ. ಲಕ್ಕಿ, ತಿಗಡು, ಊರ ಬೀದಿಗಳಲ್ಲಿ ಹೂ ಉದುರಿಸುವ ಆಕಾಶಮಲ್ಲಿಗೆಯೂ ಅದರಲ್ಲುಂಟು. ಆದರೆ ಹಿಂಡು ಹಿಂಡಾಗಿ ಬಂದು ಸೂರೆ ಮಾಡುವುದು ಹೆಚ್ಚಾಗಿ ಸಾಗವಾನಿಯನ್ನೇ. ಉಳಿದವು ಬಹಳ ಮಟ್ಟಿಗೆ ಬಿಡಾರಗಳು.

ಅರ್ಧ ಗಂಟೆ ಹುಡುಕಿದ ಮೇಲೆ ಲಕ್ಕಿಯ ಐದು ಬೆರಳಿನ ಎಲೆಯಲ್ಲಿ ಒಂದು ಬೆರಳು ಅಂಚಿನಿಂದ ಮಡಚಿಕೊಂಡದ್ದು ಕಂಡಿತು. ಬಿಡಿಸಿದೆ. ಒಳಗೆ ನೂಲಿನ ಹೊಲಿಗೆ, ಅದರ ಹಿಂದೆ ಒಂದು ಹಸಿರು ಹುಳ. ಒಂದೇ ಒಂದು. ತಲೆಯ ಹಿಂದೆ ಬಿಳಿಯ ಚುಕ್ಕೆಯೊಂದಿತ್ತು. ಲಕ್ಕಿ ಎಲೆಯ ಬೂದು ನವಿರು ಅಂಟಿರಬೇಕು ಅಂದುಕೊಂಡೆ. ಅತ್ತಿಯಿಂದ ಉಪ್ಪಿನಕಾಯಿ ಬಾಟಲಿ ಕೇಳಿ ಪಡೆದು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಹುಳವನ್ನು ಎರಡು ಕುಡಿ ಲಕ್ಕಿಯ ಜೊತೆ ಒಳಗಿಟ್ಟೆ. ದಿನಾ ಹೊಸ ತೊಪ್ಪಲು ಹಾಕುವ ಕೆಲಸವನ್ನೂ ಅತ್ತಿಗೇ ಒಪ್ಪಿಸಿದೆ.

"ಇದು ಏನ್ ಆಗ್ತೈತಿ?"

"ಪತಂಗ ಆಗ್ತೈತಿ ಅತ್ತಿ. ಒಳಗ ಕರೀ ರೆಕ್ಕಿ, ಅದರ ಮ್ಯಾಲ ಕಿತ್ತಳೆ ಪಟ್ಟಿ. ಇಳಕಲ್ ಸೀರಿ ಇದ್ದಂಗ ಇರ್ತೈತಿ."

ಸೀರೆಯ ಮಾತು ಕೆಲಸ ಮಾಡಿತು. ಲಕ್ಕಿ ಗಿಡ ಅಂದಿನ ಮಟ್ಟಿಗೆ ಉಳಿಯಿತು.

ಎರಡನೆಯ ದಿನ: ದಾಂಡೇಲಿ

ಬೆಳಿಗ್ಗೆ ಆರಕ್ಕೆ ಮಾಮಾನ ಬೈಕಿನ ಹಿಂದೆ ಕುಳಿತೆ. ಪರಿಚಯದ ಅಧಿಕಾರಿಯೊಬ್ಬರ ಒಪ್ಪಿಗೆ ಪಡೆದು, ಕುಳಗಿ ರಸ್ತೆಯ ಬದಿಯ ನೆಡುತೋಪಿನ ಅಂಚಿನಲ್ಲಿ ಇಳಿದೆವು.

ಮೊದಲು ಕೇಳಿಸಿದ್ದು ಮಳೆ. ಸಣ್ಣಗೆ, ಒಣ ಎಲೆಗಳ ಮೇಲೆ ಬೀಳುವ ಜಿಟಿಜಿಟಿ. ತಲೆ ಎತ್ತಿದರೆ ಆಕಾಶ ಸ್ವಚ್ಛ. ಅಂಗೈ ಚಾಚಿದೆ, ಕರಿ ರವೆಯಂಥ ಕಾಳು ಬಿತ್ತು, ಇನ್ನೊಂದು ಬಿತ್ತು.

"ಹಿಕ್ಕಿ," ಅಂದರು ಮಾಮಾ. "ಛತ್ರಿ ಬೇಕಿತ್ತಲ್ಲ?"

ಲಕ್ಷಗಟ್ಟಲೆ ಹುಳಗಳು ತಿಂದು ಹಾಕುತ್ತಿದ್ದ ಹಿಕ್ಕೆಯ ಮಳೆ ಅದು. ನೆಲವೆಲ್ಲ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ. ಮರಗಳ ನೆತ್ತಿಯಲ್ಲಿ ಎಲೆ ಇಲ್ಲ, ಎಲೆಯ ದಪ್ಪ ನರಗಳು ಮಾತ್ರ ಮುರಿದ ಛತ್ರಿಯ ಕಡ್ಡಿಗಳಂತೆ ಜೋತುಬಿದ್ದಿದ್ದವು. ಮೇ ಕೊನೆಯಲ್ಲಿ ಹಸಿರು ಕೊಡೆ ಬಿಚ್ಚಿರಬೇಕಾದ ಕಾಡಿನೊಳಗೆ ಮಾಘ ಮಾಸದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಮೇಲಿಂದ ನೂಲಿನ ಎಳೆಗಳಲ್ಲಿ ಹುಳಗಳು ಇಳಿಯುತ್ತಿದ್ದವು. ನನ್ನ ಕನ್ನಡಕದ ಮೇಲೊಂದು, ಮಾಮಾನ ಮೀಸೆಯ ಮೇಲೊಂದು. ಕಂಬಳಿಹುಳವಲ್ಲ, ನುಣ್ಣನೆಯದು, ಮೈ ತುರಿಸುವುದಿಲ್ಲ. ಅಷ್ಟಾದರೂ ಪುಣ್ಯ.

ಆದರೆ ಇವು ಕಪ್ಪು. ನಿನ್ನೆ ಲಕ್ಕಿಯಲ್ಲಿ ಸಿಕ್ಕಿದ್ದು ಹಸಿರು. ಬೇರೆ ಜಾತಿಯೇ ಇರಬೇಕು ಅಂತ ಒಂದು ಕ್ಷಣ ನನಗೂ ಅನ್ನಿಸಿತು. ಅಲ್ಲ, ಎರಡೂ ಒಂದೇ. ಒಂಟಿಯಾಗಿ ಬೆಳೆದ ಹುಳ ಹಸಿರಾಗಿ ಎಲೆಯೊಳಗೆ ಅಡಗಿಕೊಳ್ಳುತ್ತದೆ. ಸಂತೆಯಲ್ಲಿ ಬೆಳೆದದ್ದು ಕಪ್ಪಾಗುತ್ತದೆ. ಮಿಡತೆಗಳಲ್ಲೂ ಇದೇ ಚಾಳಿ ಉಂಟು. ಮಾಮಾನಿಗೆ ಇದನ್ನು ಹೇಳಿದರೆ ಅವರು ನಕ್ಕರು: "ಹಂಗಾರ ಮನುಷ್ಯಾರ್ ಗತೀನ ಆತು. ಒಬ್ನ ಇದ್ದಾಗ ಸಂಭಾವಿತ."

ನಾನು ಲೆಕ್ಕಕ್ಕೆ ಕುಳಿತೆ. ಇಲ್ಲಿ ಅಡ್ಡಮಳೆ ಯಾವಾಗ ಆಯಿತು? ಹದಿನೈದು ದಿನದ ಹಿಂದೆ, ಗಾಳಿ ಸಮೇತ ಅಂದರು ಮಾಮಾ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ, ಮುಂಗಾರಿಗೆ ಮುಂಚಿನ ಮಳೆಗೆ ಚಿಗುರುತ್ತದೆ. ಹೆಣ್ಣು ಪತಂಗಕ್ಕೆ ಬೇಕಾದದ್ದು ಆ ಎಳೆ ಎಲೆಯೇ. ನರಗಳ ಪಕ್ಕ ಒಂದೊಂದೇ ಮೊಟ್ಟೆ ಅಂಟಿಸುತ್ತ ಹೋಗಿ ನೂರಾರು ಇಡುತ್ತದೆ. 2 ದಿನಕ್ಕೆ ಮರಿ. ಮೊದಮೊದಲು ಮರಿಗಳು ಎಲೆಯ ಮೈಯನ್ನು ಕೆರೆದು ತಿನ್ನುತ್ತವೆ. ಸ್ವಲ್ಪ ದೊಡ್ಡವಾದ ಮೇಲೆ ಅಂಚು ಕತ್ತರಿಸಿ, ಮಡಚಿ, ನೂಲಿನಿಂದ ಹೊಲಿದು ಮಾಡು ಕಟ್ಟಿಕೊಂಡು ಅದರ ನೆರಳಲ್ಲಿ ಕೂತು ತಿನ್ನುತ್ತವೆ. ನಾಲ್ಕು ಸಲ ಪೊರೆ ಕಳಚಿ ಐದನೆಯ ಹಂತಕ್ಕೆ ಬಂದಾಗ ಹೊಟ್ಟೆಬಾಕತನಕ್ಕೆ ಮಿತಿ ಇರುವುದಿಲ್ಲ. ಇಷ್ಟಕ್ಕೆಲ್ಲ 10–12 ದಿನ. ಆಮೇಲೆ ನೆಲಕ್ಕಿಳಿದು, ತರಗೆಲೆಯಡಿ ಕೋಶ ಕಟ್ಟಿ ವಾರ ಮಲಗಿದರೆ ಪತಂಗ. ಮಳೆಯ ಮರುದಿನ ಮೊಟ್ಟೆ ಬಿದ್ದಿದ್ದರೆ ಇವತ್ತು ಹುಳಗಳು ನೆಲಕ್ಕಿಳಿಯಬೇಕು. ಇಳಿಯುತ್ತಲೇ ಇದ್ದವು.

ಲೆಕ್ಕ ತಾಳೆಯಾದ ಸಂತೋಷದಲ್ಲಿ ನಾನಿದ್ದರೆ ಮಾಮಾ ಬೇರೆ ಪ್ರಶ್ನೆ ಎತ್ತಿದರು. "ಮಳಿ ಬಂದ ಮರುದಿನಾನ ಇಷ್ಟ್ ಪತಂಗ ಎಲ್ಲಿಂದ ಬಂದ್ವು? ಹಿಂದಿನ ದಿನ ಒಂದೂ ಇರ್ಲಿಲ್ಲ."

ಇದು ಗಾರ್ಡ್ ಒಬ್ಬನ ಪ್ರಶ್ನೆ ಮಾತ್ರವಲ್ಲ. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಸಾಗವಾನಿ ತೋಪುಗಳಲ್ಲಿ ವರ್ಷಗಟ್ಟಲೆ ಇದರ ಬೆನ್ನು ಬಿದ್ದರು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಸಾಗವಾನಿ ನೆಡಿಸಿದ ಊರು ಅದು. ಪೀಚಿಯವರು ಕಂಡದ್ದು ಇಷ್ಟು: ಹಾವಳಿ ಒಮ್ಮೆಲೇ ಎಲ್ಲ ಕಡೆ ಶುರುವಾಗುವುದಿಲ್ಲ. ಋತುವಿನ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಪುಟ್ಟ ತುಂಡುಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮುಂದಿನ ಪೀಳಿಗೆಗೆ ನೂರಾರು ಹೆಕ್ಟೇರಿಗೆ ಹಬ್ಬುತ್ತದೆ. ಕೋಶದಿಂದ ಎದ್ದ ಪತಂಗಗಳು ಹುಟ್ಟಿದ ತೋಪಿನಲ್ಲಿ ಉಳಿಯುವುದಿಲ್ಲ. ಉಳಿದು ಮಾಡುವುದಾದರೂ ಏನು, ಎಲೆಯನ್ನೆಲ್ಲ ತಾವೇ ತಿಂದು ಮುಗಿಸಿವೆ. ಗುಂಪುಗೂಡಿ ಎಳೆ ಚಿಗುರು ಹುಡುಕುತ್ತ ಹೊರಡುತ್ತವೆ. ಅಂದರೆ ಮಾಮಾನ ತೋಪಿಗೆ ಬಂದದ್ದು ಪರಊರ ಪಡೆ. ಅದು ಹೊರಟ ಊರು ಯಾವುದೋ.

ಮರ ಸಾಯುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಮತ್ತೆ ಚಿಗುರುತ್ತದೆ. ಅದಕ್ಕೇ ಬಹಳ ಕಾಲ ಇದನ್ನು ಯಾರೂ ಗಂಭೀರವಾಗಿ ಲೆಕ್ಕ ಹಾಕಿರಲಿಲ್ಲ. ನಿಲಂಬೂರಿನಲ್ಲಿ ಕೆ.ಎಸ್.ಎಸ್. ನಾಯರ್ ಮತ್ತು ಜೊತೆಗಾರರು ಎಳೆಯ ತೋಪಿನ ಕೆಲವು ಮರಗಳನ್ನು ಹುಳದಿಂದ ಕಾಪಾಡಿ, ಕೆಲವನ್ನು ಹುಳಕ್ಕೆ ಬಿಟ್ಟು ಅಳೆದರು. 1985ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಆಗಬೇಕಿದ್ದ ಬೆಳವಣಿಗೆಯಲ್ಲಿ ನೂರಕ್ಕೆ 44 ಪಾಲು ಹುಳಕ್ಕೆ ಹೋಗಿತ್ತು. ಮರ ಹೊಸ ಎಲೆ ಮಾಡುವುದರಲ್ಲೇ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ, ಕಾಂಡ ದಪ್ಪವಾಗಲು ಉಳಿಯುವುದು ಕಡಿಮೆ. ಸಾಲ ತೀರಿಸುವುದರಲ್ಲೇ ಪಗಾರ ಮುಗಿಯುವ ಗಿರಾಕಿಗಳನ್ನು ನಾನು ದಿನಾ ನೋಡುತ್ತೇನೆ, ಆದ್ದರಿಂದ ಇದು ಬೇಗ ಅರ್ಥವಾಯಿತು.

ಮಧ್ಯಾಹ್ನದ ರೊಟ್ಟಿ ತಿನ್ನುವಾಗ ಮಾಮಾ ಒಂದು ಹುಳ ಹಿಡಿದು ತೋರಿಸಿದರು. "ಇದರ ಬೆನ್ನ ಮ್ಯಾಲ ನೋಡು, ತತ್ತಿ." ಕಪ್ಪು ಮೈಯ ಮೇಲೆ, ತಲೆಯ ಹಿಂದೆ, ಅಕ್ಕಿ ನುಚ್ಚಿನಂಥ ಬಿಳಿ ಚುಕ್ಕೆ. ನೊಣದ ಮೊಟ್ಟೆ. ಮನೆನೊಣದಂತೆಯೇ ಕಾಣುವ ಒಂದು ನೊಣ ಹುಳದ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಅದರ ಮರಿ ಹುಳದೊಳಗೆ ಕೊರೆದು ಹೊಕ್ಕು ಜೀವಂತ ತಿನ್ನುತ್ತದೆ. ಕೆಲವು ಕಣಜಗಳೂ ಇದೇ ಕಸುಬಿನವು. ಇನ್ನೂ ಕೆಲವು ಹುಳಗಳು ಎಲೆಯ ನರಕ್ಕೆ ಹಿಂಗಾಲು ಕಚ್ಚಿ ತಲೆಕೆಳಗಾಗಿ, ನೀರು ತುಂಬಿದ ಚೀಲದಂತೆ ನೇತಾಡುತ್ತಿದ್ದವು. ಮುಟ್ಟಿದರೆ ಒಡೆದು ಸೋರುತ್ತವೆ. ವೈರಸ್ ರೋಗದ ಲಕ್ಷಣ. ಈ ವೈರಸ್ಸನ್ನೇ ಬೆಳೆಸಿ ತೋಪಿಗೆ ಸಿಂಪಡಿಸಿ, ಕೀಟನಾಶಕವಿಲ್ಲದೆ ಹಾವಳಿ ತಗ್ಗಿಸಬಹುದೇ ಅಂತ ಪೀಚಿಯವರು ಪ್ರಯೋಗ ಮಾಡಿದ್ದಾರೆ.

ಲಕ್ಕಿ ಕಡಿಸುವ ಆಜ್ಞೆಯ ಮೂಲವೂ ಇಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಬೀಸನ್ ಎಂಬ ಕೀಟತಜ್ಞ ಸಾಗವಾನಿ ತೋಪಿಗೆ ಒಂದು ಉಪಾಯ ಹೇಳಿದ. ತೋಪಿನ ಅಡಿ ಬೆಳೆಯುವ ಗಿಡಗಳನ್ನೆಲ್ಲ ಸವರಬೇಡಿ. ಅವುಗಳ ಮೇಲೆ ಬೇರೆ ಬೇರೆ ಹುಳಗಳಿರುತ್ತವೆ. ಸಾಗವಾನಿ ಹುಳ ಇಲ್ಲದ ತಿಂಗಳುಗಳಲ್ಲಿ ನೊಣ-ಕಣಜಗಳು ಅವುಗಳ ಮೇಲೆ ಬದುಕುತ್ತವೆ. ನಡುನಡುವೆ ಸಹಜ ಕಾಡಿನ ಪಟ್ಟಿಗಳನ್ನೂ ಬಿಡಿ. ಸಾಗವಾನಿ ಹುಳವೇ ತಿನ್ನುವ ಗಿಡಗಳನ್ನು ಮಾತ್ರ ತೆಗೆಯಿರಿ. ಕಾಗದದ ಮೇಲೆ ಸೊಗಸಾದ ಯೋಜನೆ. ಕೆಳಗಿಳಿಯುತ್ತ ಇಳಿಯುತ್ತ ಅದು ಕೂಲಿಯವನ ಕೈಯ ಕುಡಗೋಲು ಮುಟ್ಟಿದಾಗ ಏನಾಗಿರಬೇಕು? ಕೇಳಿದೆ.

"ಎಲ್ಲಾ ಕಡಸ್ತಿದ್ವಿ," ಅಂದರು ಮಾಮಾ. "ಯಾವ ಗಿಡ ಯಾವುದು ಅಂತ ಕೂಲ್ಯಾರಿಗೆ ಹೇಳ್ಕೋಂತ ಕೂತ್ರ ಸಂಜೀ ಆಗ್ತೈತಿ."

ಜಾವಾ ದ್ವೀಪದಲ್ಲಿ ಇದೇ ಹುಳದ ಕೋಶಗಳನ್ನು ಜನ ತರಗೆಲೆಯಡಿ ಹೆಕ್ಕಿ, ಹುರಿದು ತಿನ್ನುತ್ತಾರೆ ಅಂತ ಹೇಳಿದ್ದಕ್ಕೆ ಮಾಮಾ ರೊಟ್ಟಿ ಕೆಳಗಿಟ್ಟರು. ಹೇಳುವ ಹೊತ್ತು ಅದಾಗಿರಲಿಲ್ಲ.

ರಾತ್ರಿ ತೋಪಿನಂಚಿನ ಪರಿಚಿತರ ಮನೆಯಂಗಳದಲ್ಲಿ ಪರದೆ ಕಟ್ಟಿದೆ. ಬಂದ ಪತಂಗಗಳು ಬಗೆಬಗೆಯವು. ಹೈಬ್ಲಿಯಾ ಮಾತ್ರ ಎರಡೇ. ಸಹಜ, ಈ ಪೀಳಿಗೆಯೆಲ್ಲ ಇನ್ನೂ ಹುಳವಾಗಿ ಮರದ ಮೇಲಿತ್ತು. ಆ ಮನೆಯ ಹುಡುಗಿ ಎಳೆ ಸಾಗವಾನಿ ಕುಡಿಯನ್ನು ಅಂಗೈಯಲ್ಲಿ ತಿಕ್ಕಿ, ಕೆಂಪಾದ ಕೈಯನ್ನು ಮೆಹಂದಿ ಅಂತ ಎಲ್ಲರಿಗೂ ತೋರಿಸುತ್ತಿದ್ದಳು. ಆ ಕುಡಿ ಹುಳಕ್ಕೆ ಸಿಗದೆ ಉಳಿದದ್ದೇ ದೊಡ್ಡದು.

ಮೂರನೆಯ ದಿನ: ಅಣಶಿ ಘಟ್ಟ

ಮಾಮಾ ಹಳಿಯಾಳಕ್ಕೆ ಮರಳಿದರು. ನಾನು ಕಾರವಾರದ ಬಸ್ಸು ಹತ್ತಿದೆ. ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಜೋಯಿಡಾ ದಾಟಿ ಕುಂಬಾರವಾಡದ ಕಡೆ ಹೋದಂತೆ ಸಾಗವಾನಿ ತೆಳುವಾಗುತ್ತ ಬಂದು, ಅಣಶಿ ಹೊತ್ತಿಗೆ ಪೂರ್ತಿ ಮಾಯ. ಎಲೆ ಉದುರಿಸುವ ಮರಗಳ ಜಾಗದಲ್ಲಿ ಸದಾ ಹಸಿರು ಮುಸುಕಿದ ಕಾಡು. ಘಟ್ಟದಲ್ಲಿ ನಿಜವಾದ ಮಳೆ ಹಿಡಿಯಿತು, ಬಸ್ಸಿನ ಕಿಟಕಿ ಮುಚ್ಚಲಿಲ್ಲ, ನಾನೂ ಕ್ಯಾಮೆರಾ ಚೀಲವೂ ತೊಯ್ದೆವು. ಬರೆಯುವಂಥದ್ದು ಬೇರೇನೂ ನಡೆಯಲಿಲ್ಲ. ಕದ್ರಾದಲ್ಲಿ ಕಾಳಿ ಮತ್ತೆ ಕಣ್ಣಿಗೆ ಬಿದ್ದಳು. ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆ ಹುಟ್ಟಿ 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ನದಿ ಇದು. ಅವಳ ದಡ ಹಿಡಿದು ನಾನೂ ಇಳಿದೆ.

ನಾಲ್ಕನೆಯ ದಿನ: ಕಾರವಾರ

ಕಡಲಿಗೆ ಬಂದ ಕಾರಣ ಹೇಳಿದರೆ ಲಾಡ್ಜಿನ ಹುಡುಗ ನಂಬಲಿಲ್ಲ. ಎಲ್ಲರೂ ಬೀಚಿಗೆ ಹೋಗುವವರು. ನಾನು ಕೋಡಿಬಾಗದ ಕಡೆ, ನದಿ ಕಡಲಿಗೆ ಸೇರುವಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಆಟೋ ಕೇಳಿದ್ದೆ.

ಕೆಸರಿನಲ್ಲಿ ಊರುಗೋಲುಗಳ ಹಾಗೆ ಬೇರು ಚಾಚಿ ನಿಂತದ್ದು ಕಾಂಡ್ಲಾ. ನನಗೆ ಬೇಕಾದದ್ದು ಅದರ ಪಕ್ಕದ ಮರ, ಉಪ್ಪಟಿ. ಅದರ ಬೇರುಗಳು ಕೆಸರಿನಿಂದ ಮೇಲಕ್ಕೆ, ಉಸಿರಾಡಲು, ಸೀಸದಕಡ್ಡಿಗಳಂತೆ ಸಾವಿರಗಟ್ಟಲೆ ಎದ್ದಿರುತ್ತವೆ. ಎಲೆ ಕಿತ್ತು ನಾಲಗೆಗೆ ಹಚ್ಚಿದೆ. ಉಪ್ಪು. ಹೀರಿದ ಕಡಲ ನೀರಿನ ಉಪ್ಪನ್ನು ಈ ಮರ ಎಲೆಯ ಮೇಲೆ ಬೆವರಿ ಹೊರಹಾಕುತ್ತದೆ.

ಸಾಗವಾನಿ ಹುಳಕ್ಕೂ ಇದಕ್ಕೂ ಏನು ಸಂಬಂಧ? ಮುಂಬಯಿ, ಠಾಣೆಯ ಖಾರಿಗಳಲ್ಲಿ, ಅಂದರೆ ಕಡಲ ನೀರು ಒಳನುಗ್ಗುವ ಹಳ್ಳಗಳಲ್ಲಿ, ಉಪ್ಪಟಿಯ ಕಾಡು ಇದ್ದಕ್ಕಿದ್ದಂತೆ ಕಂದು ಬಣ್ಣಕ್ಕೆ ತಿರುಗಿದಾಗ ಯಾರೋ ವಿಷ ಹಾಕಿದರೆಂದು ಜನ ಗಾಬರಿಯಾದದ್ದುಂಟು. ಹೋಗಿ ನೋಡಿದರೆ ಎಲೆಯ ಮೇಲೆ ಇದೇ ಹೈಬ್ಲಿಯಾ. ಘಟ್ಟದ ಮೇಲಿನ ಬಯಲುಸೀಮೆಯ ಅಂಚಿನ ಮರ, ಹಿತ್ತಲಿನ ಔಷಧಿ ಗಿಡ, ಕಡಲ ಕೆಸರಿನ ಉಪ್ಪು ಮರ. ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ನಮಗೆ ಹೊಳೆಯುವುದಿಲ್ಲ. ಆದರೆ ಸಸ್ಯಶಾಸ್ತ್ರಜ್ಞರು ಒಂದು ಕಾಲಕ್ಕೆ ಕೂರಿಸಿದ್ದರು. ಹಳೆಯ ಪುಸ್ತಕಗಳಲ್ಲಿ ಸಾಗವಾನಿ, ಲಕ್ಕಿ, ಉಪ್ಪಟಿ ಮೂರೂ ವರ್ಬಿನೇಸಿಯೇ ಅನ್ನುವ ಒಂದೇ ಕುಟುಂಬ, ಲಂಟಾನದ ಮನೆತನ. ಆಮೇಲೆ ಪಾಲಾಯಿತು. ಸಾಗವಾನಿ, ಲಕ್ಕಿ ತುಳಸಿಯ ಕುಟುಂಬಕ್ಕೆ ಹೋದವು, ಉಪ್ಪಟಿಯನ್ನು ಕನಕಾಂಬರದ ಕುಟುಂಬಕ್ಕೆ ಸೇರಿಸಿದರು. ಹುಳಕ್ಕೆ ಈ ಪಾಲುಪಟ್ಟಿ ಮುಟ್ಟಿಲ್ಲ. ಅದು ಎಲೆಯ ರುಚಿ ನೋಡಿ ನೆಂಟರನ್ನು ಗುರುತಿಸುತ್ತದೆ, ಹಳೆಯ ಮನೆತನದ ನೆನಪಿನಲ್ಲೇ ಊಟಕ್ಕೆ ಬರುತ್ತದೆ. ಬಾಟಲಿಯಲ್ಲಿ ಇದೇ ಹುಳಕ್ಕೆ ಮಾವಿನೆಲೆ ಕೊಟ್ಟಿದ್ದರೆ ಉಪವಾಸ ಬಿದ್ದು ಸಾಯುತ್ತಿತ್ತು.

ಇಳಿತದ ಹೊತ್ತು. ಹಲಗೆ ಹಾದಿಯ ಪಕ್ಕದಲ್ಲಿ ಮೊಣಕಾಲು ಮಟ್ಟ ಕೆಸರಿನಲ್ಲಿ ಚಿಪ್ಪಿಕಲ್ಲು ಆರಿಸುತ್ತಿದ್ದ ಹೆಂಗಸೊಬ್ಬರು ನನ್ನ ಎಲೆ ಹುಡುಕಾಟ ಬಹಳ ಹೊತ್ತು ನೋಡಿ ಕೇಳಿದರು: "ಔಷಧಕ್ಕೆ ಬೇಕಾ ಸೊಪ್ಪು?"

"ಇಲ್ಲಕ್ಕ, ಹುಳ ಹುಡುಕ್ತಿದ್ದೆ."

ಅವರು ಚಿಪ್ಪಿಕಲ್ಲಿನ ಬುಟ್ಟಿಯನ್ನು ನನ್ನಿಂದ ಸ್ವಲ್ಪ ಆಚೆ ಸರಿಸಿಕೊಂಡರು.

ಮೂರು ಗಂಟೆ ಕಳೆದರೂ ಸಿಕ್ಕಿದ್ದು ಒಂದೇ. ಕಣ್ಣಿನ ಎತ್ತರದಲ್ಲೊಂದು ಉಪ್ಪಟಿ ಎಲೆ, ಅಂಚು ಕತ್ತರಿಸಿ ಮಡಚಿದ್ದು, ನೂಲಿನ ಹೊಲಿಗೆ. ಒಳಗೆ ಕೋಶದ ಖಾಲಿ ಸಿಪ್ಪೆ. ಪತಂಗ ಹಾರಿಹೋಗಿ ಎಷ್ಟು ದಿನವಾಗಿತ್ತೋ. ಹೈಬ್ಲಿಯಾದ್ದೇ ಅಂತ ಆಣೆ ಮಾಡಲಾರೆ, ಎಲೆ ಮಡಚುವ ಹುಳಗಳು ಬೇಕಾದಷ್ಟಿವೆ. ಆದರೂ ಆ ಕೋಶ ಎಲೆಯೊಳಗೇ ಇದ್ದದ್ದು ಕಂಡು ದಾಂಡೇಲಿ ನೆನಪಾಯಿತು. ಅಲ್ಲಿ ಒಣ ನೆಲವಿರುವಾಗ ಹುಳ ತರಗೆಲೆಯಡಿ ಮಲಗುತ್ತದೆ. ಮಳೆ ಜೋರಾದ ಮೇಲೆ ಅಡಿಗಿಡಗಳ ಹಸಿ ಎಲೆಯನ್ನೇ ಮಡಚಿ ಅದರಲ್ಲಿ ಕೋಶ ಕಟ್ಟುವುದುಂಟು. ಇಲ್ಲಿ ದಿನಕ್ಕೆರಡು ಸಲ ಉಬ್ಬರದ ನೀರು ಏರುತ್ತದೆ. ನೆಲಕ್ಕಿಳಿದವನ ಕಥೆ ಮುಗಿಯಿತು.

ಸಿಪ್ಪೆಯ ಪಟ ತೆಗೆದು ಎಲೆಯನ್ನು ಹಾಗೇ ಬಿಟ್ಟೆ. ಬೇರುಕಡ್ಡಿಗಳ ಬುಡಕ್ಕೆ ನೀರು ಬರತೊಡಗಿತ್ತು. ಚಿಪ್ಪಿಕಲ್ಲಿನವರು ಬುಟ್ಟಿ ಹೊತ್ತು ಹೊರಟಿದ್ದರು. ಆಗ ಫೋನು. ಅತ್ತಿ.

"ಲೇ, ನಿನ್ನ ಹುಳಾ ಊಟಾ ಬಿಟ್ಟೈತಿ."

"ಕೋಶ ಕಟ್ಟಾಕ ತಯಾರಾಗೇತ್ರಿ ಅತ್ತಿ. ಮುಟ್ಟಬ್ಯಾಡ್ರಿ."

"ಕೋಶಾನೂ ಇಲ್ಲ ಏನೂ ಇಲ್ಲ. ಮುದುಡಿ ಒಣಗೇತಿ. ಬಾಜೂಕ ಕೆಂಪನ ಗೋದಿ ಕಾಳಿನಂಥಾದ್ದು ಒಂದ್ ಬಿದ್ದೈತಿ. ಅದ ಏನು ನಿನ್ನ ಇಳಕಲ್ ಸೀರಿ?"

ಲಕ್ಕಿ ಎಲೆಯ ಬೂದು ನವಿರು ಅಂದುಕೊಂಡಿದ್ದ ಬಿಳಿ ಚುಕ್ಕೆ ಕಣ್ಣಿಗೆ ಕಟ್ಟಿತು. ಮರುದಿನವೇ ಮಾಮಾ ಅಂಥದ್ದೊಂದನ್ನು ಬೆರಳಿಟ್ಟು ತೋರಿಸಿದ್ದರು. ಆಗಲೂ ನನಗೆ ಹೊಳೆದಿರಲಿಲ್ಲ.

"ಅತ್ತಿ, ಬಟ್ಟಿ ಬಿಚ್ಚಬ್ಯಾಡ್ರಿ. ಅದರೊಳಗಿಂದ ನೊಣ ಬರ್ತೈತಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಹಿಂದೆ ಮಾಮಾ ನಗುವುದು ಕೇಳಿಸುತ್ತಿತ್ತು.

"ನೊಣಾನ? ನೊಣಾ ಸಾಕಾಕ ನನ್ನ ಉಪ್ಪಿನಕಾಯಿ ಬಾಟ್ಲಿನ ಬೇಕಾಗಿತ್ತೇನು ನಿನಗ?"